ಅಡುಗೆಮನೆ ಕಥೆಗಳ ಒಲವು ಮತ್ತು ಮಾಯೆ

ರಾಜಕುಮಾರ ಏಳು ಸಮುದ್ರ ದಾಟುತ್ತಾನೆ, ರಾಕ್ಷಸನನ್ನು ಕೊಲ್ಲುತ್ತಾನೆ, ಹುಡುಗಿಯ ಕೈ ಹಿಡಿಯುತ್ತಾನೆ. ಅಲ್ಲಿಗೆ ಕಥೆ ಸುಖಾಂತ. ಗಂಡು ನಾಯಕನಾದ ಜನಪದ ಕಥೆಗಳು ಹೆಚ್ಚಾಗಿ ಹೀಗೇ ಮುಗಿಯುತ್ತವೆ. ಆದರೆ ನಮ್ಮ ಅಜ್ಜಿಯರು ಅಡುಗೆಮನೆಯಲ್ಲಿ ಮಕ್ಕಳಿಗೆ ತುತ್ತು ಕೊಡುತ್ತ ಹೇಳಿಕೊಂಡು ಬಂದ ಕಥೆಗಳಲ್ಲಿ ಮದುವೆ ಬೇಗನೆ ಆಗಿಹೋಗುತ್ತದೆ, ಕಷ್ಟ ಶುರುವಾಗುವುದೇ ಆಮೇಲೆ. ಈ ವ್ಯತ್ಯಾಸವನ್ನು ಗುರುತಿಸಿ, ಹೆಂಗಸರ ಕಥೆಗಳು ತಮ್ಮದೇ ಆದ ಬೇರೊಂದು ಲೋಕದೃಷ್ಟಿಯನ್ನು ಕಟ್ಟುತ್ತವೆ ಎಂದು ವಾದಿಸಿದವರು ಎ.ಕೆ. ರಾಮಾನುಜನ್ (1929–1993). ಅವರು ಕನ್ನಡದಿಂದ ಇಂಗ್ಲಿಷಿಗೆ ತಂದ 77 ಕಥೆಗಳ ಸಂಕಲನ, ಅವರು ತೀರಿಕೊಂಡ ಮೇಲೆ, 1997ರಲ್ಲಿ ಪ್ರಕಟವಾಯಿತು. ಮಾಯೆ ಬೆರೆತ ಪ್ರೇಮಕಥೆಗೆ ಕನ್ನಡದಲ್ಲಿ ಒಂದು ಪರಂಪರೆ ಇದ್ದರೆ ಅದರ ಬೇರು ಇಲ್ಲಿದೆ.

ಈ ಪರಂಪರೆಯ ಕಿರೀಟಪ್ರಾಯ ಕಥೆ ‘ಹೂವಾದ ಹುಡುಗಿ’. ಕೂಲಿನಾಲಿ ಮಾಡಿ ಸಾಕುವ ತಾಯಿಯ ಕಷ್ಟ ನೋಡಲಾರದೆ ಕಿರಿಮಗಳು ಹೂಗಿಡವಾಗಲು ನಿರ್ಧರಿಸುತ್ತಾಳೆ. ಅದಕ್ಕೊಂದು ಕ್ರಮವಿದೆ. ಉಗುರು ತಾಗದಂತೆ ಎರಡು ಕೊಡ ನೀರು ತರಬೇಕು. ಒಂದು ಕೊಡ ಸುರಿದರೆ ಹುಡುಗಿ ಗಿಡವಾಗುತ್ತಾಳೆ, ಇನ್ನೊಂದು ಸುರಿದರೆ ಗಿಡ ಮತ್ತೆ ಹುಡುಗಿಯಾಗುತ್ತದೆ. ನಡುವೆ ಹೂ ಬಿಡಿಸುವಾಗ ಚಿಗುರು ಮುರಿಯಬಾರದು, ಎಲೆ ಹರಿಯಬಾರದು. ಅಕ್ಕ ಜೋಪಾನವಾಗಿ ಹೂ ಕೊಯ್ಯುತ್ತಾಳೆ, ಅರಮನೆಯಲ್ಲಿ ಮಾರುತ್ತಾರೆ. ಗುಟ್ಟನ್ನು ಕದ್ದು ನೋಡಿದ ರಾಜಕುಮಾರ ಆ ಕಿರಿಮಗಳನ್ನೇ ಮದುವೆಯಾಗುತ್ತಾನೆ.

ಕಥೆಯ ಪ್ರತಿಭೆ ಕಾಣುವುದು ಇಲ್ಲಿಂದ ಮುಂದೆ. ಮದುವೆಯಾದ ಗಂಡ ಮೊದಲು ಮಾತೇ ಆಡುವುದಿಲ್ಲ, ಆಮೇಲೆ ಅವಳನ್ನು ಗಿಡವಾಗು ಎಂದು ಕಾಡುತ್ತಾನೆ. ರಾತ್ರಿ ರಾತ್ರಿ ಹೂವಿನ ಹಾಸಿಗೆ, ಬೆಳಗಾದರೆ ಬಾಡಿದ ಹೂಗಳ ರಾಶಿ. ತಾಯಿಯ ಹೊಟ್ಟೆಪಾಡಿಗಾಗಿ ಹುಟ್ಟಿದ ವಿದ್ಯೆ ಗಂಡನ ವಿಲಾಸಕ್ಕೆ ಬಳಕೆಯಾಗುತ್ತಿದೆ ಎಂದು ಕಥೆ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಬಾಡಿದ ಆ ರಾಶಿಯನ್ನು ಕಣ್ಣಮುಂದಿಟ್ಟು ಸುಮ್ಮನಾಗುತ್ತದೆ. ಕಿರಿಯ ನಾದಿನಿ ಅವಳನ್ನು ಸುರಹೊನ್ನೆ ತೋಪಿಗೆ ಕರೆದೊಯ್ದು ಗಿಡವಾಗೆಂದು ಒತ್ತಾಯಿಸುತ್ತಾಳೆ. ನಾದಿನಿಯ ಗೆಳತಿಯರು ಅಡ್ಡಾದಿಡ್ಡಿ ಕೊಂಬೆ ಮುರಿಯುತ್ತಾರೆ, ಮಳೆ ಬಂದಾಗ ಅರ್ಧಂಬರ್ಧ ನೀರೆರಚಿ ಓಡುತ್ತಾರೆ. ಕೈಕಾಲಿಲ್ಲದ, ಹುಡುಗಿಯೂ ಅಲ್ಲದ ಗಿಡವೂ ಅಲ್ಲದ ಮುದ್ದೆಯಾಗಿ ಅವಳು ಚರಂಡಿಯಲ್ಲಿ ಬೀಳುತ್ತಾಳೆ. ಕೊನೆಗೆ ದೊಡ್ಡ ನಾದಿನಿಯ ಊರಿನಲ್ಲಿ, ಗೋಸಾಯಿಯಂತೆ ಅಲೆದು ಬಂದ ಗಂಡನ ಕಾಲನ್ನು ಆ ಮೊಂಡುಮೈಯಿಂದಲೇ ಒತ್ತುವಾಗ ಗುರುತು ಸಿಗುತ್ತದೆ. ಅವಳು ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಅವನು ನೀರು ತಂದು ಸುರಿದು, ಮುರಿದ ಕೊಂಬೆಗಳನ್ನು ನೇರ ಮಾಡಿ, ಹರಿದ ಎಲೆಗಳನ್ನು ಕಟ್ಟಿ, ಎರಡನೆಯ ಕೊಡ ಸುರಿಯುತ್ತಾನೆ.

ಹಿಂದೆ ಸುರಿದದ್ದೂ ಅದೇ ನೀರು, ಗಿಡವೂ ಅದೇ ಗಿಡ. ಹಿಂದೆ ಹೂ ಬೇಡಿದ ಕೈ ಈಗ ಗಾಯ ಕಟ್ಟುತ್ತದೆ. ಕಥೆಯ ದೃಷ್ಟಿಯಲ್ಲಿ ಪ್ರೀತಿ ಹುಟ್ಟುವುದು ಆ ಗಳಿಗೆಯಲ್ಲಿ. ಮಾಯೆ ಇಲ್ಲಿ ಒಲವನ್ನು ತಂದುಕೊಡುವ ವರವಲ್ಲ, ಒಲವನ್ನು ಒರೆಗೆ ಹಚ್ಚುವ ಕಟ್ಟಳೆ. ಉಗುರು ತಾಗಬಾರದೆಂಬ ನಿಯಮ ಇಲ್ಲದಿದ್ದರೆ ಕೊನೆಯ ಸುಖಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಮನಸ್ಸನ್ನು ಬೆಚ್ಚಗಾಗಿಸುವ ಕಥೆ ಎಂದು ಇದನ್ನು ಕರೆಯುವುದಾದರೆ, ಆ ಬೆಚ್ಚಗಿನ ಭಾವವನ್ನು ಕಥೆ ನೋವಿನ ಬೆಲೆ ತೆತ್ತು ಗಳಿಸಿದೆ.

ಇನ್ನೊಂದು ಕಥೆ ನಾಗನದು. ಗಂಡ ಸೂಳೆಯ ಮನೆಯಲ್ಲಿ, ಹೆಂಡತಿ ಒಂಟಿ ಮನೆಯಲ್ಲಿ. ಗಂಡನನ್ನು ಒಲಿಸಿಕೊಳ್ಳಲು ಸಿಕ್ಕ ಮದ್ದನ್ನು ಬಡಿಸಲು ಹೆದರಿ ಅವಳು ಹುತ್ತಕ್ಕೆ ಸುರಿಯುತ್ತಾಳೆ. ಅದನ್ನು ಕುಡಿದ ನಾಗ ಗಂಡನ ರೂಪದಲ್ಲಿ ರಾತ್ರಿ ಬರುತ್ತಾನೆ. ಈ ಕಥೆಯನ್ನು ರಾಮಾನುಜನ್ ಅವರಿಂದ ಕೇಳಿದ ಗಿರೀಶ ಕಾರ್ನಾಡರು ‘ನಾಗಮಂಡಲ’ ನಾಟಕ ಬರೆದರು, 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ತೆರೆಗೆ ತಂದರು. ಹಗಲಿನ ಗಂಡನ ಒರಟುತನ, ರಾತ್ರಿಯ ಗಂಡನ ಮೃದುತನ ಎರಡನ್ನೂ ಒಂದೇ ಮುಖದಲ್ಲಿ ತೋರುವ ಈ ಕಥೆ, ಸಂಸಾರದಲ್ಲಿ ಏನಿಲ್ಲ ಎಂಬುದನ್ನು ನಾಗನ ಮೂಲಕ ಹೇಳುತ್ತದೆ. ಹೆಣ್ಣು ಬಾಯಿಬಿಟ್ಟು ಕೇಳಲಾರದ್ದನ್ನು ಮಾಯೆ ಕೇಳುತ್ತದೆ. ಕಾರ್ನಾಡರ ದೊಡ್ಡತನ ಅವರು ಸುಖಾಂತ್ಯವನ್ನು ಸಲೀಸಾಗಿ ಒಪ್ಪದೆ, ಒಂದಕ್ಕಿಂತ ಹೆಚ್ಚು ಮುಕ್ತಾಯಗಳನ್ನು ಎದುರಿಟ್ಟದ್ದರಲ್ಲಿದೆ. ನಾಗನ ಸ್ಪರ್ಶ ಕಂಡ ಹೆಣ್ಣಿಗೆ ಗಂಡ ಮರಳಿದರೆ ಸಾಕೇ ಎಂಬ ಪ್ರಶ್ನೆ ನಾಟಕ ಮುಗಿದ ಮೇಲೂ ಉಳಿಯುತ್ತದೆ.

ಹೂಗಿಡದ ಕಥೆಯನ್ನು ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿಸಿ, ಕಾಡು ಕಡಿಯುವ ಕಾಲದ ಎಚ್ಚರಿಕೆಯಾಗಿ ತಿರುಗಿಸಿದರು. 2006ರಲ್ಲಿ ಅಮೆರಿಕದ ಸಂಗೀತಕಾರ ಜಾನ್ ಆ್ಯಡಮ್ಸ್ ಅದನ್ನು ಒಪೆರಾ ಮಾಡಿ ವಿಯೆನ್ನಾದಲ್ಲಿ ಪ್ರದರ್ಶಿಸಿದರು. ಹೆಸರೂರಿಲ್ಲದ ಹುಡುಗಿಯ ಕಥೆ ಇಷ್ಟು ದೂರ ಹೋದದ್ದಕ್ಕೆ ಅದರ ಕಟ್ಟಿನ ಬಿಗಿಯೇ ಕಾರಣ.

ಆದರೂ ಈ ಪರಂಪರೆಯನ್ನು ಕಣ್ಣುಮುಚ್ಚಿ ಹೊಗಳಲಾಗದು. ಹೂಗಿಡದ ಕಥೆಯ ಕೊನೆಗೆ ರಾಜ ತನ್ನ ಕಿರಿಮಗಳನ್ನು, ಅಂದರೆ ಆ ಕಿರಿಯ ನಾದಿನಿಯನ್ನು, ಸುಡುವ ಸುಣ್ಣದ ಗುಂಡಿಗೆ ತಳ್ಳಿಸುತ್ತಾನೆ. ಮೊದಲ ತಪ್ಪು ಮಾಡಿದ ಗಂಡನಿಗೆ ಸಂಸಾರ ಮರಳಿ ಸಿಗುತ್ತದೆ, ತಿಳಿಯದ ಹುಡುಗಿಗೆ ಸಾವು. ಹೆಣ್ಣಿನ ನೋವನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಕಥೆ ಇನ್ನೊಂದು ಹೆಣ್ಣಿನ ಮೇಲೆ ಹೀಗೆ ನಿಷ್ಕರುಣೆ ತೋರುವುದು ಅದರ ನಿಜವಾದ ಕೊರತೆ. ಮದುವೆಯ ಚೌಕಟ್ಟನ್ನು ಈ ಕಥೆಗಳು ಅಲುಗಾಡಿಸುತ್ತವೆ, ಒಡೆಯುವುದಿಲ್ಲ. ನಾಗನ ಜೊತೆ ಬಾಳಿದವಳೂ ಊರವರೆದುರು ಹಾವು ಹಿಡಿಯುವ ಪರೀಕ್ಷೆ ಗೆದ್ದು, ಪತಿವ್ರತೆ ಎನಿಸಿಕೊಂಡೇ ಊರೊಳಗೆ ಉಳಿಯಬೇಕು.

ಈ ಮಿತಿಗಳ ನಡುವೆಯೂ ಅವು ಇಂದಿನ ಕಥೆಗಾರರಿಗೆ ಪಾಠ ಹೇಳಬಲ್ಲವು. ಮಾಯೆ ಬೆರೆತ ಪುಟ್ಟ ಪ್ರೇಮಕಥೆ ಬರೆಯುವುದು ಸುಲಭವೆನಿಸುತ್ತದೆ. ಒಂದು ಉಂಗುರ, ಒಂದು ಬೆಳದಿಂಗಳು, ಒಂದು ಪವಾಡ ಸಾಕು, ಇಬ್ಬರು ಸೇರಿಬಿಡುತ್ತಾರೆ. ಹಾಗೆ ಸೇರಿದವರನ್ನು ಓದುಗ ಮರುದಿನವೇ ಮರೆಯುತ್ತಾನೆ. ಪವಾಡಕ್ಕೆ ಒಂದು ನಿಯಮ ಇರಲಿ, ಆ ನಿಯಮ ಮುರಿದರೆ ಯಾರಿಗೋ ನಿಜವಾಗಿ ನೋಯಲಿ, ನೋಯಿಸಿದವರು ತಮ್ಮ ಕೈಯಿಂದಲೇ ಅದನ್ನು ಸರಿಪಡಿಸಲಿ. ಅಕ್ಷರ ಕಲಿಯದ ಅಜ್ಜಿಯರು ಇಷ್ಟನ್ನೂ ಸಾಧಿಸಿದ್ದರು. ಹೊಸದಾಗಿ ಬರೆಯಹೊರಟವರು ಮೊದಲು ಅವರ ಕಥೆಗಳನ್ನು ಗಮನವಿಟ್ಟು ಓದಬೇಕು. ಮನೆಯಲ್ಲಿ ಹೇಳುವವರು ಇನ್ನೂ ಇದ್ದರೆ, ಕೂತು ಕೇಳಿ ಬರೆದಿಟ್ಟುಕೊಳ್ಳಬೇಕು.