ಪಿನ್ನು ಕಿತ್ತ ಮೇಲೆ

ಸ್ವಿಸ್ ಆರ್ಮಿ ಚಾಕುವನ್ನು ಬಿಚ್ಚಲು ಸ್ಕ್ರೂ ಇಲ್ಲ. ಲೆದರ್‌ಮನ್‌ನಂಥ ಅಮೆರಿಕನ್ ಸಾಧನಗಳನ್ನು ತಕ್ಕ ಸ್ಕ್ರೂಡ್ರೈವರ್ ಇದ್ದರೆ ಕಳಚಿ, ಒರೆಸಿ, ಮತ್ತೆ ಜೋಡಿಸಬಹುದು. ಸ್ವಿಸ್ ಆರ್ಮಿ ಚಾಕು ಮಾಡುವ ವಿಕ್ಟೊರಿನಾಕ್ಸ್ ಕಂಪನಿಯ ಚಾಕುವಿನ ಪದರಗಳನ್ನು ಒಟ್ಟಿಗೆ ಹಿಡಿದಿರುವುದು ಹಿತ್ತಾಳೆಯ ಪಿನ್ನುಗಳು, ಅವುಗಳ ಎರಡೂ ತುದಿ ಬಡಿದು ಅಗಲ ಮಾಡಿರುತ್ತಾರೆ. ಒಳಗೆ ಕೈಹಾಕಬೇಕೆಂದರೆ ಪಿನ್ನಿನ ತಲೆಯನ್ನು ಅರದಿಂದ ಉಜ್ಜಿ ತೆಗೆದು, ಪಂಚ್ ಇಟ್ಟು ಹೊರಗೆ ಹೊಡೆಯಬೇಕು. ಆ ಏಟಿನೊಂದಿಗೆ ಕಾರ್ಖಾನೆಯ ಚಾಕು ಮುಗಿಯಿತು, ಅದರ ಖಾತರಿಯೂ ಮುಗಿಯಿತು. ಮುಂದಿನದಕ್ಕೆಲ್ಲ ಬಿಚ್ಚಿದವನೇ ಹೊಣೆ.

ಮನೆಯಲ್ಲಿ ಕೂತು ಈ ಚಾಕುಗಳನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳುವ ಹವ್ಯಾಸವನ್ನು ನಾನು ಅಳೆಯುವುದು ಈ ಪಿನ್ನಿನಿಂದಲೇ. ಪಿನ್ನನ್ನು ಮುಟ್ಟದ ಕೆಲಸ ಬಹುಮಟ್ಟಿಗೆ ಅಲಂಕಾರ. ಪಿನ್ನು ಕಿತ್ತು ಮತ್ತೆ ಕೂರಿಸಿದ ಕೆಲಸದಲ್ಲಿ ಮಾತ್ರ ಮಾಡಿದವನ ಕೈ ಎಂಥದೆಂದು ಗೊತ್ತಾಗುತ್ತದೆ.

ಅಲಂಕಾರದ ಮಾತು ಮೊದಲು ಮುಗಿಸಿಬಿಡೋಣ, ಏಕೆಂದರೆ ಹೆಚ್ಚಿನವರು ಅಲ್ಲೇ ನಿಲ್ಲುತ್ತಾರೆ. 91 ಮಿ.ಮೀ. ಉದ್ದದ ಸಾಮಾನ್ಯ ಮಾದರಿಗಳಲ್ಲಿ ಕೆಂಪು ಹೊದಿಕೆ ಸೆಲ್ಲಿಡಾರ್ ಎಂಬ ಪ್ಲಾಸ್ಟಿಕ್ಕಿನದು. ಪಿನ್ನಿನ ತುದಿಯಲ್ಲಿರುವ ಪುಟ್ಟ ಬುಷ್‌ಗಳಿಗೆ ಅದು ಒತ್ತಿ ಕೂತಿರುತ್ತದೆ, ಜೋಪಾನವಾಗಿ ಎಬ್ಬಿದರೆ ಕಳಚಿ ಬರುತ್ತದೆ. ಅದರ ಜಾಗಕ್ಕೆ ಮರ, ಮೈಕಾರ್ಟಾ, ಟೈಟಾನಿಯಂ, ತ್ರೀಡಿ ಪ್ರಿಂಟರಿನಲ್ಲಿ ತೆಗೆದ ತುಂಡು, ಏನನ್ನಾದರೂ ಹಾಕಬಹುದು. ಚೆನ್ನಾಗಿಯೇ ಕಾಣುತ್ತದೆ. ಆದರೆ ಎಷ್ಟೋ ಮಂದಿ ಹೊಸ ಹೊದಿಕೆ ಹಾಕುವಾಗ ಚಿಮಟ ಮತ್ತು ಹಲ್ಲುಕಡ್ಡಿ ಕೂರುವ ಸೀಳುಗಳನ್ನು ಬಿಟ್ಟುಬಿಡುತ್ತಾರೆ. ದಿನವೂ ಚಾಕು ಬಳಸುವವನಿಗೆ ಅಂಗೈಯ ಮುಳ್ಳು ತೆಗೆಯುವ ಆ ಚಿಮಟಕ್ಕಿಂತ ಮರದ ಗೆರೆಗಳ ಚಂದ ದೊಡ್ಡದಲ್ಲ. ಬೀಟೆಯಂಥ ಎಣ್ಣೆಯಂಶದ ಮರವಾದರೆ ಇನ್ನೊಂದು ತೊಡಕು: ಅಂಟಿಸುವ ಮುಖವನ್ನು ಅಸಿಟೋನಿನಿಂದ ಒರೆಸದೆ ಎಪಾಕ್ಸಿ ಹಚ್ಚಿದರೆ ಕೆಲವು ತಿಂಗಳಲ್ಲೇ ಅಂಚು ಬಿಟ್ಟುಕೊಳ್ಳಬಹುದು. ಅದೇ ಅಸಿಟೋನು ಸೆಲ್ಲಿಡಾರನ್ನು ಕರಗಿಸುತ್ತದೆ ಎಂಬುದನ್ನು ತಿಳಿದವರು ಹಳೆಯ ಕೆಂಪು ಹೊದಿಕೆಯ ಗೀರುಗಳ ಮೇಲೆ ಅದನ್ನು ಹಿತಮಿತವಾಗಿ ಬಳಸಿ ಹೊಳಪು ತರಿಸುತ್ತಾರೆ. ಇರುವ ಹೊದಿಕೆಯನ್ನೇ ಹೀಗೆ ಉಳಿಸಿಕೊಳ್ಳುವ ಕೆಲಸ ನನಗೆ ದುಬಾರಿ ಟೈಟಾನಿಯಂ ತೊಡಿಸುವುದಕ್ಕಿಂತ ಹೆಚ್ಚು ಇಷ್ಟ.

ನಿಜವಾದ ವಿಷಯ ಒಳಗಿದೆ. ವಿಕ್ಟೊರಿನಾಕ್ಸ್‌ನ ಸ್ಥಾಪಕ ಕಾರ್ಲ್ ಎಲ್ಸೆನರ್ ಶ್ವಿಜ್ ಪ್ರಾಂತ್ಯದ ಇಬಾಕ್‌ನಲ್ಲಿ ಕೆಲಸ ಶುರುಮಾಡಿದ್ದು 1884ರಲ್ಲಿ, ಸ್ವಿಸ್ ಸೇನೆಗೆ ಸೈನಿಕರ ಚಾಕು ಕೊಟ್ಟಿದ್ದು 1891ರಲ್ಲಿ. 1897ರ ಜೂನ್ 12ರಂದು ನೋಂದಾಯಿಸಿದ ಅಧಿಕಾರಿಗಳ ಚಾಕುವಿನಲ್ಲಿ ಆತ ಸಾಧಿಸಿದ್ದು ಸಣ್ಣ ಸಂಗತಿಯಲ್ಲ: ಬೆನ್ನಿನ ಸ್ಪ್ರಿಂಗ್ ಒಂದೇ, ಅದು ಹಿಡಿಯ ಎರಡೂ ಕಡೆಯ ಸಾಧನಗಳನ್ನು ಒತ್ತಿ ಹಿಡಿಯುತ್ತದೆ. ಮುಂದೆ ಅಲಗು, ಹಿಂದೆ ದಬ್ಬಳ ಅಥವಾ ಬಿರಡೆ ತೆಗೆಯುವ ಸುರುಳಿ. ಚಾಕು ದಪ್ಪವಾಗದೆ ಸಾಧನಗಳು ಹೆಚ್ಚಿದ್ದು ಹೀಗೆ. ಅಂಗಡಿಯಲ್ಲಿ ಕೊಂಡು ಜೇಬಿಗೆ ಹಾಕಿಕೊಂಡವನಿಗೆ ಈ ಜಾಣತನ ಕಾಣುವುದಿಲ್ಲ. ಪಿನ್ನು ಕಿತ್ತು ಮೇಜಿನ ಮೇಲೆ ಪದರಗಳನ್ನು ಹರಡಿಕೊಂಡವನಿಗೆ ಕಾಣುತ್ತದೆ. ಈ ಹವ್ಯಾಸಕ್ಕೆ ನಾನು ಕೊಡುವ ಮೊದಲ ಮೆಚ್ಚುಗೆ ಇದಕ್ಕಾಗಿಯೇ. ನೂರಿಪ್ಪತ್ತು ವರ್ಷ ದಾಟಿದ ಒಂದು ಯಂತ್ರವಿಚಾರವನ್ನು ಅದು ಬೆರಳಿನಿಂದ ಓದಿಸುತ್ತದೆ.

ಪದರಗಳ ಲೆಕ್ಕ ಅರ್ಥವಾದ ಮೇಲೆ ಕಾರ್ಖಾನೆ ಕೊಡದ ಜೋಡಣೆಯನ್ನು ತಾನೇ ಮಾಡಬೇಕೆಂಬ ಆಸೆ ಹುಟ್ಟುವುದು ಸಹಜ. ಇದಕ್ಕೆ ಫಾರ್ಮರ್ ಮಾದರಿಯ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಯೂಮಿನಿಯಂ ಮೈಯ 93 ಮಿ.ಮೀ. ಚಾಕು ಅದು, ಅಲಗು, ಗರಗಸ, ದಬ್ಬಳ, ಡಬ್ಬಿ ತೆರೆಯುವ ಕೊಕ್ಕು ಇದ್ದವು, ಕತ್ತರಿ ಇರಲಿಲ್ಲ. ಬೇರೊಂದು ಚಾಕುವಿನ ಕತ್ತರಿಯನ್ನು ತಂದು, ಅರ ಹಿಡಿದು ಹೊಂದಿಸಿ, ಉದ್ದನೆಯ ಪಿನ್ನು ಹಾಕಿ ಈ ಮೈಗೆ ಕೂರಿಸಿಕೊಂಡ ಹವ್ಯಾಸಿಗಳಿದ್ದರು. ಕಂಪನಿ ಇದೇ ಮೈಯ ಪಯೊನೀರ್ ಮಾದರಿಗೆ ಕತ್ತರಿ ಸೇರಿಸಿ ಪಯೊನೀರ್ ಎಕ್ಸ್ ತಂದದ್ದು 2016ರಲ್ಲಿ, ಫಾರ್ಮರ್ ಎಕ್ಸ್ ಬಂದದ್ದು 2020ರಲ್ಲಿ. ಮನೆಯ ಬೆಂಚಿನ ಮೇಲೆ ಕಂಡ ಕೊರತೆ ನಿಜವಾದ ಕೊರತೆಯೇ ಆಗಿತ್ತು.

ಇಷ್ಟಾದರೂ ಬಿಚ್ಚುವುದು ಸುಲಭ, ಮುಚ್ಚುವುದು ಕಷ್ಟ. ಹೊಸ ಹಿತ್ತಾಳೆ ಸರಳನ್ನು ಅಳತೆಗೆ ಕತ್ತರಿಸಿ, ಎಲ್ಲ ಪದರಗಳ ತೂತಿನಲ್ಲಿ ತೂರಿಸಿ, ತಲೆಯನ್ನು ಗುಂಡುಮೂತಿಯ ಸಣ್ಣ ಸುತ್ತಿಗೆಯಿಂದ ಬಡಿಯುವಾಗಲೇ ಚಾಕುವಿನ ಹಣೆಬರಹ ತೀರ್ಮಾನವಾಗುತ್ತದೆ. ಹಗುರ ಏಟು, ಒಂದು ಕಡೆ ನಾಲ್ಕು, ತಿರುಗಿಸಿ ಆ ಕಡೆ ನಾಲ್ಕು, ನಡುನಡುವೆ ಪ್ರತಿಯೊಂದು ಸಾಧನವನ್ನೂ ತೆರೆದು ಮುಚ್ಚಿ ನೋಡಬೇಕು. ಒಂದೆರಡು ಏಟು ಹೆಚ್ಚಾದರೆ ಅಲಗು ಬಿಗಿದು ಉಗುರು ಮುರಿಯುತ್ತದೆ. ಕಡಿಮೆಯಾದರೆ ಅಲಗು ಅಕ್ಕಪಕ್ಕ ಅಲ್ಲಾಡುತ್ತದೆ, ದೀಪಕ್ಕೆ ಹಿಡಿದಾಗ ಪದರಗಳ ನಡುವೆ ಬೆಳಕು ಕಾಣುತ್ತದೆ. ಸರಿಯಾಗಿ ಬಡಿದ ಚಾಕು ತೆರೆಯುವಾಗಲೂ ಮುಚ್ಚುವಾಗಲೂ ಟಕ್ಕೆಂದು ಒಂದೇ ದನಿ ಕೊಡುತ್ತದೆ, ಎಲ್ಲ ಸಾಧನಗಳಲ್ಲೂ. ಪರೀಕ್ಷೆ ಮಾಡುವುದಾದರೆ ನಾನು ಮೊದಲು ಕಿವಿಗೊಡುವುದು ಆ ದನಿಗೆ, ಆಮೇಲೆ ಬೆಳಕಿಗೆ ಹಿಡಿಯುತ್ತೇನೆ, ಹೊದಿಕೆಯ ಬಣ್ಣ ನೋಡುವುದು ಕೊನೆಗೆ. ಅಲ್ಯೂಮಿನಿಯಂ ಮೈಯ ಮಾದರಿಗಳಲ್ಲಿ ಪಿನ್ನಿನ ತಲೆ ಹೊರಗೇ ಕಾಣುವುದರಿಂದ ಸುತ್ತಿಗೆ ಜಾರಿದ ಗುರುತನ್ನು ಮುಚ್ಚಿಡಲು ಹೊದಿಕೆಯೂ ಇಲ್ಲ. ಅಂಥ ಮೈಯಲ್ಲಿ ಒಂದೂ ಗಾಯವಿಲ್ಲದ ಜೋಡಣೆ ಕಂಡರೆ ಮಾಡಿದವರಿಗೆ ಮನಸಾರೆ ಕೈಮುಗಿಯಬೇಕೆನಿಸುತ್ತದೆ.

ಅಲಗಿನ ಆಕಾರ ಬದಲಿಸುವವರ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಈ ಚಾಕುಗಳಲ್ಲಿ ಪ್ರತಿ ಭಾಗದ ಗಡಸುತನವೂ ಬೇರೆ: ರಾಕ್‌ವೆಲ್ ಮಾಪನದಲ್ಲಿ ಅಲಗು 56, ಕತ್ತರಿ ಮತ್ತು ಗರಗಸ 53, ದಬ್ಬಳ 52, ಸ್ಪ್ರಿಂಗ್ 49. ಸ್ಪ್ರಿಂಗ್ ಬಾಗಬೇಕು, ಅಲಗು ಮೊನೆ ಹಿಡಿಯಬೇಕು. ಅದಕ್ಕಾಗಿ ಕೂಡಿಸಿದ ಹದ ಅದು. ಬೆಲ್ಟ್ ಸಾಣೆಗೆ ಒತ್ತಿ ಅಲಗಿನ ಬೆನ್ನನ್ನು ಇಳಿಸುವಾಗ ತೆಳು ಮೊನೆ ಕ್ಷಣಮಾತ್ರದಲ್ಲಿ ಕಾಯುತ್ತದೆ. ಉಕ್ಕು ನೀಲಿಗೆ ತಿರುಗಿತೆಂದರೆ ಹದ ಹೋದಂತೆ, ಆಮೇಲೆ ಎಷ್ಟು ಮಸೆದರೂ ಆ ಜಾಗ ಚೂಪು ನಿಲ್ಲಿಸುವುದಿಲ್ಲ. ಬರಿಗೈಯಲ್ಲಿ ಹಿಡಿದು, ಮತ್ತೆಮತ್ತೆ ನೀರಿಗದ್ದಿ ಸಾಣೆ ಹಿಡಿಯುವ ತಾಳ್ಮೆ ಇದ್ದವರು ಮಾತ್ರ ಇದಕ್ಕೆ ಕೈಹಾಕಲಿ.

ಇನ್ನು ಹೆಚ್ಚಿಸುವ ಹುಚ್ಚು. ಹತ್ತು, ಹನ್ನೆರಡು ಪದರ ಪೇರಿಸಿ ಅಂಗೈಯಲ್ಲಿ ಹಿಡಿಸದಂಥ ಇಟ್ಟಿಗೆ ಕಟ್ಟುವವರಿದ್ದಾರೆ. ಆ ದಾರಿಯ ಕೊನೆಯನ್ನು ಸ್ವಿಸ್ ಆರ್ಮಿ ಚಾಕು ಮಾಡುತ್ತಿದ್ದ ಇನ್ನೊಂದು ಕಂಪನಿ ವೆಂಗರ್ 87 ಸಾಧನಗಳ ‘ಜೈಂಟ್’ ಚಾಕು ಮಾಡಿ ಆಗಲೇ ತೋರಿಸಿತ್ತು. ಅದು ಪ್ರದರ್ಶನದ ವಸ್ತು, ಜೇಬಿನದಲ್ಲ. ತೆಗೆದುಹಾಕುವವರ ಕೆಲಸ ಇದಕ್ಕಿಂತ ಎಷ್ಟೋ ಹೆಚ್ಚು ವಿವೇಕದ್ದು. ದ್ರಾಕ್ಷಾರಸದ ಬಾಟಲಿ ಮನೆಗೇ ಬಾರದವನಿಗೆ ಬಿರಡೆಯ ಸುರುಳಿ ಏಕೆ? ಅದನ್ನು ತೆಗೆದು ಅಲ್ಲಿ ಸ್ಕ್ರೂಡ್ರೈವರ್ ಕೂರಿಸಿ, ಬೇಡದ ಒಂದು ಪದರ ಇಳಿಸಿ, ಅಂಗಿಯ ಜೇಬು ಜಗ್ಗದಂತೆ ಮಾಡಿಕೊಂಡ ಚಾಕುವಿನಲ್ಲಿ ಮಾಡಿದವನ ದಿನಚರಿ ಇದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ತಕರಾರು ಗಟ್ಟಿಯಾದದ್ದು. ಒಂದು ಚಾಕು ಕಟ್ಟಲು ಇನ್ನೆರಡನ್ನು ಕೊಲ್ಲಬೇಕಾಗುತ್ತದೆ. ತಯಾರಿಕೆ ನಿಂತ ಮಾದರಿಗಳನ್ನು, ಸ್ವಿಸ್ ಸೇನೆಗಾಗಿ ಇಸವಿ ಒತ್ತಿ ಕೊಟ್ಟಿದ್ದ 1961ರ ಮಾದರಿಯ ಸೈನಿಕರ ಚಾಕುಗಳನ್ನು ಕೂಡ ಬಿಡಿಭಾಗಕ್ಕೆಂದು ಒಡೆಯುವವರಿದ್ದಾರೆ. ಇದು ತಪ್ಪು. ಅವು ಮತ್ತೆ ಹುಟ್ಟುವುದಿಲ್ಲ. ಬಿಡಿಭಾಗಕ್ಕೆ ಬೇರೆ ದಾರಿ ಇದೆ: ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಬಿಟ್ಟುಹೋದ ಚಾಕುಗಳನ್ನು ಕೆಲವು ರಾಜ್ಯ ಸರ್ಕಾರಗಳು ರಾಶಿಯಾಗಿ ಮಾರುತ್ತವೆ. ಮೊನೆ ಮುರಿದದ್ದು, ಹೊದಿಕೆ ಸೀಳಿದ್ದು, ಕತ್ತರಿಯ ಸ್ಪ್ರಿಂಗ್ ಹೋದದ್ದು, ಎಲ್ಲವೂ ಅದರಲ್ಲಿರುತ್ತವೆ. ಹಾಗೆ ಕೆಟ್ಟ ಎರಡು ಚಾಕುಗಳಿಂದ ಕೆಲಸಕ್ಕೆ ಬರುವ ಒಂದನ್ನು ಕಟ್ಟಿದರೆ ಯಾವ ಒಳ್ಳೆಯ ಚಾಕುವೂ ಸಾಯಬೇಕಿಲ್ಲ.