ಎರಡು ಸೆಂಟಿಮೀಟರಿನ ಅಧಿಕಾರ

‘ಎಕೋ ಮಾಡಿಸಿದೆವು, ನಾರ್ಮಲ್ ಬಂತು’ ಎಂದರೆ ಕಟಪಾಡಿ ಪೇಟೆಯಲ್ಲಿ ಆ ಮಗುವಿನ ಹೃದಯದ ಬಗ್ಗೆ ಮುಂದೆ ಮಾತಿಲ್ಲ. ಉಡುಪಿಗೋ ಮಣಿಪಾಲಕ್ಕೋ ಹೋಗಿ ಬಂದ ಫೈಲಿಗೆ ಅಷ್ಟು ಮರ್ಯಾದೆ. ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಮಕ್ಕಳ ಹೃದಯದ ಕವಾಟಕ್ಕೆ ಮಾಡುವ ಗಾಯದ ವಿಷಯದಲ್ಲಂತೂ ಈ ಮರ್ಯಾದೆ ಅತಿಯಾಯಿತು. ಯಂತ್ರದ ಬಗ್ಗೆ ನನಗೆ ತಕರಾರಿಲ್ಲ. ಅಳತೆ ಬಿಟ್ಟು ತೀರ್ಪನ್ನಷ್ಟೇ ಬರೆಯುವ ರೂಢಿ ಇದೆಯಲ್ಲ, ಜಗಳ ಅದರ ಜೊತೆ.

ಎಕೋದಲ್ಲಿ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರನ್ನೇ ನೋಡಿ. ಮೈಟ್ರಲ್ ಕವಾಟ ಸರಿಯಾಗಿ ಮುಚ್ಚದಿದ್ದರೆ ರಕ್ತ ಹಿಂದಕ್ಕೆ, ಎಡ ಹೃತ್ಕರ್ಣದೊಳಕ್ಕೆ ಚಿಮ್ಮುತ್ತದೆ; ಪರದೆಯ ಮೇಲೆ ಅದು ನೀಲಿ ಹಳದಿ ಕಲಸಿದ ಬಾಲ. ಬಾಲ ಎಷ್ಟುದ್ದ ಇದ್ದರೆ ರೋಗ? ವರ್ಲ್ಡ್ ಹಾರ್ಟ್ ಫೆಡರೇಷನ್ 2012ರಲ್ಲಿ ಎಳೆದ ಗೆರೆ 2 ಸೆಂ.ಮೀ. ಎರಡು ಕೋನಗಳಿಂದ ಕಾಣಬೇಕು, ವೇಗ ಸೆಕೆಂಡಿಗೆ 3 ಮೀಟರಾದರೂ ಇರಬೇಕು, ಹೃದಯ ಹಿಂಡುವಷ್ಟು ಹೊತ್ತೂ ಇರಬೇಕು ಎಂಬ ಷರತ್ತುಗಳು ಬೇರೆ. ಒಂದನೇ ಕ್ಲಾಸಿನ ಪೋರಿಗೂ ಹೈಸ್ಕೂಲು ಮುಗಿಸಿದ ಹುಡುಗನಿಗೂ ಅದೇ 2 ಸೆಂ.ಮೀ.! 18 ಕೆ.ಜಿ.ಯ ಮಗುವಿನ ಎಡ ಹೃತ್ಕರ್ಣವೇ ಎಷ್ಟು ದೊಡ್ಡದಿದ್ದೀತು? 2023ರ ಪರಿಷ್ಕರಣೆಯಲ್ಲಿ 30 ಕೆ.ಜಿ.ಗಿಂತ ಹಗುರವಾದ ಮಕ್ಕಳಿಗೆ ಗೆರೆ 1.5ಕ್ಕೆ ಇಳಿಯಿತು. ಉಳಿದದ್ದೆಲ್ಲ ಸಮನಾಗಿದ್ದರೆ, ಅಂಥ ಮಗುವಿನ 1.7 ಸೆಂ.ಮೀ. ಬಾಲ ಹಳೆಯ ಲೆಕ್ಕದಲ್ಲಿ ಪಾಸು, ಹೊಸ ಲೆಕ್ಕದಲ್ಲಿ ಫೇಲು. ಸಾಲದ್ದಕ್ಕೆ, ಯಂತ್ರದಲ್ಲಿ ಬಣ್ಣದ ವೇಗಮಿತಿಯನ್ನು ತಗ್ಗಿಸಿದರೆ ಬಾಲ ಇನ್ನಷ್ಟು ಬೆಳೆದಂತೆ ಕಾಣುತ್ತದೆ. ಇಷ್ಟೆಲ್ಲ ಇರುವಲ್ಲಿ ‘ಟ್ರಿವಿಯಲ್ ಎಂಆರ್’ (ಮೈಟ್ರಲ್ ಕವಾಟದ ಸೋರಿಕೆ, ಲೆಕ್ಕಕ್ಕಿಲ್ಲದಷ್ಟು) ಎಂದು ಬರೆದು ಸಹಿ ಹಾಕಿಬಿಟ್ಟರೆ, ಬರುವ ವರ್ಷ ನೋಡುವ ಡಾಕ್ಟರು ಯಾವುದಕ್ಕೆ ಹೋಲಿಸಬೇಕು?

ಸ್ಟೆತಸ್ಕೋಪ್ ಭಕ್ತರು ಇದನ್ನೋದಿ ಹಿಗ್ಗಬೇಕಿಲ್ಲ. ಕಾಂಬೋಡಿಯಾ ಮತ್ತು ಮೊಜಾಂಬಿಕ್‌ನ ಶಾಲಾಮಕ್ಕಳ ಕುರಿತು 2007ರಲ್ಲಿ ಬಂದ ಅಧ್ಯಯನದಲ್ಲಿ ಕಿವಿಗೆ ಸಿಕ್ಕಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಪ್ರಕರಣಗಳು ಎಕೋಗೆ ಸಿಕ್ಕವು. ಹಳೇ ಡಾಕ್ಟರರ ಕಿವಿಯ ಮಹಿಮೆ ಕೇಳಲು ಚೆಂದ, ಅಷ್ಟೆ. ‘ಇಷ್ಟು ಸಣ್ಣದನ್ನು ಹಿಡಿದು ಏನು ಮಾಡುತ್ತೀರಿ?’ ಎಂಬ ಅವರ ಮರುಪ್ರಶ್ನೆಗೂ 2021ರಲ್ಲಿ ಪ್ರಕಟವಾದ ಉಗಾಂಡದ ಪ್ರಯೋಗ ಉತ್ತರ ಕೊಟ್ಟಿದೆ. ಎಕೋದಲ್ಲಷ್ಟೇ ಕಂಡ ಗಾಯವಿದ್ದ 818 ಮಕ್ಕಳು. ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಂಡವರಲ್ಲಿ ಎರಡು ವರ್ಷದೊಳಗೆ ಕವಾಟ ಹದಗೆಟ್ಟದ್ದು ಶೇ. 0.8ರಷ್ಟು ಮಂದಿಗೆ, ಇಂಜೆಕ್ಷನ್ ಇಲ್ಲದವರಲ್ಲಿ ಶೇ. 8.2. (ಇಂಜೆಕ್ಷನ್ ಇಲ್ಲದೆಯೂ ಹತ್ತರಲ್ಲಿ ಒಂಬತ್ತು ಮಕ್ಕಳು ಹದಗೆಡಲಿಲ್ಲ ಎಂಬುದನ್ನು ಎಕೋ ಪಕ್ಷದವರೂ ಗಟ್ಟಿಯಾಗಿ ಹೇಳಲಿ.)

ವರ್ಷಗಟ್ಟಲೆ ಸೊಂಟಕ್ಕೆ ಸೂಜಿ ಬೇಕೋ ಬೇಡವೋ ಎಂಬುದು ಆ ಬಾಲವನ್ನು ನೆಚ್ಚಿಕೊಂಡಿರುವಾಗ ಅದರ ಉದ್ದ, ಮಗುವಿನ ತೂಕ, ಯಂತ್ರದ ವೇಗಮಿತಿ ಮೂರೂ ಕಾಗದದ ಮೇಲೆ ಬರಬೇಕು. ಅವಿಲ್ಲದ ‘ನಾರ್ಮಲ್’ ಅನ್ನು ನಾನು ವರದಿ ಎಂದು ಒಪ್ಪುವುದಿಲ್ಲ.