ಯೋಬನ ಹೆಂಡತಿಯ ಬಳಿ ಕುಳಿತವರು ಯಾರು?

ಯೋಬನ ಗ್ರಂಥವನ್ನು ನಾನು ಮೊದಲು ಓದಿದ್ದು ಕನ್ನಡ ಬೈಬಲಿನಲ್ಲಿ. ಆಮೇಲೆ ಮಲೆಯಾಳದಲ್ಲಿ ಓದಿದೆ. ಅಲ್ಲಿನ ಹಳೆಯ ಅನುವಾದದಲ್ಲಿ ಅವನು ಇಯ್ಯೋಬ್. ದುಃಖದಲ್ಲಿರುವವರಿಗೆ ಸಮಾಧಾನ ಹೇಳಲು ಈ ಗ್ರಂಥವನ್ನು ನೆನೆಯುವುದು ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ರೂಢಿ. ಸಾವಿನ ಮನೆಯಲ್ಲಿ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಯಾರಾದರೊಬ್ಬರು ಯೋಬನ ತಾಳ್ಮೆಯ ಮಾತೆತ್ತದೆ ಇರುವುದಿಲ್ಲ. ನಾನೂ ಎತ್ತಿದ್ದೇನೆ. ಹಾಗೆ ಎತ್ತಿ, ಒಮ್ಮೆ ಉತ್ತರ ಸಿಗದೆ ತಲೆ ತಗ್ಗಿಸಬೇಕಾಗಿ ಬಂದ ಮೇಲೆಯೇ ಈ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಲು ಕುಳಿತದ್ದು.

ಎಣ್ಮಕಜೆಯ ಕಡೆಯ ಒಂದು ಶಾಖೆಯಲ್ಲಿ ನಾನು ಗುಮಾಸ್ತನಾಗಿದ್ದಾಗಿನ ಮಾತು. ಮಗನ ಪಿಂಚಣಿ ಹಣಕ್ಕೆಂದು ಒಬ್ಬ ತಾಯಿ ಬಂದಿದ್ದರು. ಹುಡುಗ ಹೊರಗೆ ಆಟೋರಿಕ್ಷಾದಲ್ಲಿ ಮಲಗಿದ್ದ. ಹದಿನಾಲ್ಕು ವರ್ಷ, ಮಾತಿಲ್ಲ, ಕೈಬೆರಳುಗಳು ಒಳಗೆ ಮುದುಡಿಕೊಂಡಿದ್ದವು. ಹೆಬ್ಬೆಟ್ಟಿನ ಗುರುತು ಬೇಕೆಂದು ಹೇಳುವುದಕ್ಕೇ ನನಗೆ ಸಂಕೋಚವಾಯಿತು. ಆ ಸಂಕೋಚ ಮುಚ್ಚಿಕೊಳ್ಳಲು, "ಅಕ್ಕಾ, ದೇವರು ಒಳ್ಳೆಯವರನ್ನೇ ಪರೀಕ್ಷೆ ಮಾಡುವುದು. ನಮ್ಮ ಬೈಬಲಿನಲ್ಲಿ ಯೋಬ ಅಂತ ಒಬ್ಬ ಇದ್ದ" ಎಂದು ಶುರುಮಾಡಿದೆ. ಅವರು ಸಿಟ್ಟಾಗಲಿಲ್ಲ. "ಪರೀಕ್ಷೆ ಯಾರಿಗೆ ಸಾರ್, ನನಗೋ ಇವನಿಗೋ?" ಎಂದು ಕೇಳಿದರು, ಅಷ್ಟೆ.

ತಾಳ್ಮೆಯ ಯೋಬ ಇರುವುದು ಮೊದಲ ಎರಡು ಅಧ್ಯಾಯಗಳಲ್ಲಿ ಮಾತ್ರ. ಮೂರನೆಯದರಲ್ಲಿ ಅವನು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅಲ್ಲಿಂದ ಮುಂದೆ ದೇವರೊಡನೆ ವ್ಯಾಜ್ಯ ಹೂಡಿದವನ ಧ್ವನಿ ಅವನದು. ನಾವು ಈ ಯೋಬನನ್ನು ಬಿಟ್ಟು ಮೊದಲಿನವನನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಅಳುವವರನ್ನು ಸುಮ್ಮನಾಗಿಸಲು ಅವನೇ ಅನುಕೂಲ.

ಅವನನ್ನು ನೋಡಲು ಬಂದ ಮೂವರು ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಇವರ ಪಾತ್ರಗಳನ್ನು ಕವಿ ಬಹಳ ನ್ಯಾಯವಾಗಿಯೇ ಚಿತ್ರಿಸಿದ್ದಾನೆ. ಅವರು ಕೆಟ್ಟವರಲ್ಲ. ದೂರದಿಂದ ಬಂದವರು. ಗುರುತೇ ಸಿಗದಂತಾಗಿದ್ದ ಗೆಳೆಯನನ್ನು ಕಂಡು ಗಟ್ಟಿಯಾಗಿ ಅತ್ತವರು. ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕುಳಿತವರು. ನಮ್ಮಲ್ಲಿ ಎಷ್ಟು ಜನ ಏಳು ಗಳಿಗೆ ಹಾಗೆ ಕುಳಿತೇವು? ಕೆಟ್ಟದ್ದು ಎಂಟನೆಯ ದಿನ. ಯೋಬ ಬಾಯಿಬಿಟ್ಟು ಕೂಗಿದ ಕೂಡಲೇ ಅವರಿಗೆ ಗೆಳೆಯನಿಗಿಂತ ದೇವರ ಮರ್ಯಾದೆ ದೊಡ್ಡದಾಯಿತು. ನಿರಪರಾಧಿ ಎಂದಾದರೂ ಹಾಳಾದದ್ದುಂಟೇ ಎಂದು ಎಲೀಫಜ ಕೇಳುತ್ತಾನೆ. ನಿನ್ನ ಪಾಪಕ್ಕೆ ಸಿಕ್ಕಿದ ಶಿಕ್ಷೆ ಕಡಿಮೆಯೇ ಆಯಿತೆನ್ನುತ್ತಾನೆ ಚೋಫರ. ಬಿಲ್ದದನಂತೂ ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ತಂದೆಯ ಮುಂದೆ, ಆ ಮಕ್ಕಳು ಸತ್ತದ್ದು ಅವರದೇ ತಪ್ಪಿಗೆ ಎಂದು ಸೂಚಿಸುತ್ತಾನೆ. ಅದೇ ಉಸಿರಿನಲ್ಲಿ, ನಿನ್ನ ಆರಂಭ ಸಣ್ಣದಾಗಿದ್ದರೂ ಅಂತ್ಯ ದೊಡ್ಡದಾದೀತು ಎಂಬ ಅರ್ಥದ ಮಾತೂ ಅವನಿಂದ ಬರುತ್ತದೆ. ಈ ಮಾತನ್ನು ಚೌಕಟ್ಟು ಹಾಕಿಸಿ ಹೊಸ ಅಂಗಡಿಯ ಗೋಡೆಗೆ ತೂಗುಹಾಕಿದ್ದನ್ನು ನಾನು ಕಂಡಿದ್ದೇನೆ. ಆಡಿದವನು ಯಾರು, ಯಾರ ಮುಂದೆ ಆಡಿದ ಎಂದು ತೂಗುಹಾಕಿದವರು ನೋಡಿರಲಾರರು. ಕೊನೆಯ ಅಧ್ಯಾಯದಲ್ಲಿ ದೇವರೇ ಈ ಗೆಳೆಯರ ಮಾತು ಸರಿಯಲ್ಲವೆಂದು ತೀರ್ಪು ಕೊಡುತ್ತಾನೆ, ಜಗಳವಾಡಿದ ಯೋಬನೇ ಸರಿಯೆನ್ನುತ್ತಾನೆ.

ಬಿಲ್ದದನನ್ನು ಹುಡುಕಿಕೊಂಡು ನಾವು ಊಚ್ ದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಪಡ್ರೆಯಲ್ಲಿ ಮನೆಮನೆಗಳಲ್ಲಿ ಅಂಗವಿಕಲ ಮಕ್ಕಳು ಹುಟ್ಟತೊಡಗಿದಾಗ ಅದು ಜಟಾಧಾರಿ ದೈವದ ಕೋಪ ಎಂದು ಜನ ನಂಬಿದರು. ಅಂಬಿಕಾಸುತನ್ ಮಾಙಾಡ್ ಅವರ ಮಲೆಯಾಳ ಕಾದಂಬರಿ 'ಎನ್ಮಕಜೆ'ಯಲ್ಲಿ (2009) ಈ ಶಾಪದ ಮಾತು ಬರುತ್ತದೆ. ನನ್ನಂಥವರ ಬಾಯಲ್ಲಿ ಅದೇ ಮಾತು ದೇವರ ಪರೀಕ್ಷೆಯಾಯಿತು, ಇನ್ನೊಬ್ಬರ ಬಾಯಲ್ಲಿ ಹಿಂದಿನ ಜನ್ಮದ ಕರ್ಮ. ಶಾಪ, ಪರೀಕ್ಷೆ, ಕರ್ಮ ಯಾವುದೇ ಇರಲಿ, ಹೆಲಿಕಾಪ್ಟರಿನ ಕಡೆ ಬೆರಳು ತೋರಿಸುವ ಕೆಲಸ ತಪ್ಪುತ್ತದೆ. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿದ್ದು 2017ರಲ್ಲಿ.

ಇಷ್ಟಾದರೂ ಆ ತಾಯಿಯ ಪ್ರಶ್ನೆಗೆ ಗ್ರಂಥ ಉತ್ತರ ಕೊಡುವುದಿಲ್ಲ. ಲೆಕ್ಕ ಬರೆಯುವವನ ಕಣ್ಣು ಕೊನೆಯ ಅಧ್ಯಾಯದ ಜಮಾಖರ್ಚಿನ ಮೇಲೆ ಹೋಗದಿದ್ದೀತೆ? ಯೋಬನಿಗೆ 7,000 ಕುರಿಗಳಿದ್ದವು, 14,000 ಸಿಕ್ಕಿದವು. ಒಂಟೆ 3,000 ಇದ್ದದ್ದು 6,000 ಆಯಿತು. ಎತ್ತು, ಕತ್ತೆಗಳೂ ಇಮ್ಮಡಿ. ಮಕ್ಕಳು ಮಾತ್ರ ಏಳು ಗಂಡು, ಮೂರು ಹೆಣ್ಣು; ಮೊದಲು ಎಷ್ಟೋ ಅಷ್ಟೇ. ಸತ್ತ ಹತ್ತು ಮಂದಿ ದೇವರ ಬಳಿ ಇದ್ದಾರೆ, ಆದ್ದರಿಂದ ಅದೂ ಇಮ್ಮಡಿಯೇ ಎಂದು ವ್ಯಾಖ್ಯಾನಿಸುವವರುಂಟು. ನನಗೆ ಅದು ಲೆಕ್ಕ ಕೂಡಿಸಲು ಹಾಕಿದ ನಮೂದಿನಂತೆ ಕಾಣುತ್ತದೆ. ಹೊಸ ಹೆಣ್ಣುಮಕ್ಕಳಿಗೆ ಹೆಸರಿದೆ, ಅಣ್ಣತಮ್ಮಂದಿರ ಜೊತೆ ಆಸ್ತಿಯ ಪಾಲೂ ಇದೆ. ಸತ್ತ ಹತ್ತು ಮಕ್ಕಳಿಗೆ ಹೆಸರೇ ಇಲ್ಲ. ಪರೀಕ್ಷೆ ಅಪ್ಪನದು, ಸತ್ತವರು ಅವರು.

ಮತ್ತೆ ಅವರ ತಾಯಿ! ದೇವರನ್ನು ಶಪಿಸಿ ಸತ್ತುಹೋಗು ಎಂದು ಗಂಡನಿಗೆ ಹೇಳಿದವಳೆಂದು ಅವಳನ್ನು ಪ್ರವಚನಕಾರರು ಹಳಿಯುತ್ತಲೇ ಬಂದಿದ್ದಾರೆ. ಅವಳೂ ಅದೇ ಹತ್ತು ಮಕ್ಕಳನ್ನು ಹೆತ್ತು ಕಳಕೊಂಡವಳಲ್ಲವೆ? ಅವಳ ಪಕ್ಕದಲ್ಲಿ ಏಳು ದಿನವಿರಲಿ, ಒಂದು ದಿನವಾದರೂ ಯಾರೂ ಕುಳಿತದ್ದು ಬರೆದಿಲ್ಲ. ಆ ಒಂದು ಮಾತಾದ ಮೇಲೆ ಕತೆಯೇ ಅವಳನ್ನು ಮರೆತುಬಿಡುತ್ತದೆ. ಸಾಂತ್ವನದ ಬಗ್ಗೆ ಇಷ್ಟು ಆಳವಾಗಿ ಯೋಚಿಸಿದ ಕೃತಿಯಲ್ಲಿ ಇದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

ಈ ಕೊರತೆ ತುಂಬುವ ಒಂದು ಸನ್ನಿವೇಶ ಹೊಸ ಒಡಂಬಡಿಕೆಯಲ್ಲಿದೆ, ಯೋಹಾನನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ. ಶಿಲುಬೆಯ ಕೆಳಗೆ ಮರಿಯಮ್ಮ ನಿಂತಿದ್ದಾಳೆ. ಅವಳ ಜೊತೆ ಬೇರೆ ಹೆಂಗಸರಿದ್ದಾರೆ, ಒಬ್ಬ ಶಿಷ್ಯನಿದ್ದಾನೆ. ಸಾಯುತ್ತಿರುವ ಮಗ ತಾಯಿಗೆ ತನ್ನ ನೋವಿನ ಕಾರಣ ವಿವರಿಸುವುದಿಲ್ಲ. ಅವಳನ್ನು ಶಿಷ್ಯನಿಗೆ ಒಪ್ಪಿಸುತ್ತಾನೆ. ಶಿಷ್ಯ ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾನೆ. ನಮ್ಮ ಬೇಳದ ಇಗರ್ಜಿ ಶೋಕಮಾತೆಯ ಹೆಸರಿನದು. ಎಷ್ಟೋ ಸಲ ಅಲ್ಲಿಗೆ ಹೋದವನಿಗೆ ಆ ಹೆಸರಿನ ಅರ್ಥ ತಡವಾಗಿ ಹೊಳೆಯಿತು.

ಯೋಬನ ಗ್ರಂಥದಲ್ಲೂ ಕೊನೆಗೆ ಅಂಥದೊಂದು ವಾಕ್ಯವುಂಟು. ಅವಸರದಲ್ಲಿ ಓದಿದರೆ ಕಣ್ಣಿಗೆ ಬೀಳದು. ಅಣ್ಣತಮ್ಮಂದಿರು, ಅಕ್ಕತಂಗಿಯರು, ಹಳೆಯ ಪರಿಚಯದವರು ಬಂದು ಅವನ ಮನೆಯಲ್ಲಿ ಕೂತು ಉಂಡರು, ಸಂತೈಸಿದರು. ಒಬ್ಬೊಬ್ಬರೂ ಒಂದು ಬೆಳ್ಳಿಯ ನಾಣ್ಯ, ಒಂದು ಚಿನ್ನದ ಉಂಗುರ ಕೊಟ್ಟುಹೋದರು. ಅವರು ಏನು ಮಾತನಾಡಿದರೆಂದು ಕವಿ ಬರೆದಿಲ್ಲ.

ಮುಂದಿನ ತಿಂಗಳು ಆ ತಾಯಿ ಬಂದಾಗ ಇಂಕ್ ಪ್ಯಾಡ್ ಹಿಡಿದುಕೊಂಡು ನಾನೇ ಆಟೋರಿಕ್ಷಾದ ಬಳಿಗೆ ಹೋದೆ. ಹುಡುಗನ ಬೆರಳು ಬಿಡಿಸಲು ಹೊತ್ತು ಹಿಡಿಯಿತು. ಅವರು ಅವನ ಅಂಗೈಯನ್ನು ಮೆಲ್ಲಗೆ ಉಜ್ಜುತ್ತಿದ್ದರು, ನಾನು ಪ್ಯಾಡ್ ಹಿಡಿದು ಬಿಸಿಲಲ್ಲಿ ನಿಂತಿದ್ದೆ.